ಹದಿನೇಳನೆಯ ಬಿಲ್ಲೆ

ನವೆಂಬರ್ ೧೨, ಮಂಗಳವಾರ
ಮಾಹಿತಿ ಕೇಂದ್ರ, ಮಧ್ಯಾಹ್ನ ಎರಡು ಗಂಟೆ

ಅಕ್ಕಾ,

ಲಕೋಟೆಯೊಳಗೆ ಬಟ್ಟೆ ಸುತ್ತಿದ ಗಟ್ಟಿ ವಸ್ತುವೊಂದಿದೆ. ಅದನ್ನು ಈಗಲೇ ಬಿಚ್ಚಬೇಡ, ಕಾಗದ ಓದಿ ಮುಗಿಸಿದ ಮೇಲೆ ಬಿಚ್ಚು. ಹೀಗೆ ಹೇಳಿದರೆ ನೀನು ಮೊದಲು ಅದಕ್ಕೇ ಕೈ ಹಾಕುತ್ತೀಯ ಎಂದೂ ಗೊತ್ತು. ಆದರೂ ಇದೊಂದು ಸಲ ತಂಗಿಯ ಮಾತು ಕೇಳು.

ಗಾಬರಿಯಾಗುವಂಥದ್ದು ಏನೂ ಆಗಿಲ್ಲ, ಎಲ್ಲರೂ ಆರೋಗ್ಯವಾಗಿದ್ದಾರೆ. ಫೋನು ಬಿಟ್ಟು ಇವಳು ಕಾಗದ ಯಾಕೆ ಬರೆದಳು ಎಂದು ನೀನು ಹುಬ್ಬು ಗಂಟಿಕ್ಕುವುದು ಇಲ್ಲಿಂದಲೇ ಕಾಣುತ್ತಿದೆ. ನಮ್ಮ ಫೋನಿನ ಮಾತು ನಿನಗೆ ಗೊತ್ತೇ ಇದೆ. ಊಟ ಆಯ್ತಾ, ಮಂಡಿ ನೋವು ಹೇಗಿದೆ, ಭಾವ ಹೇಗಿದ್ದಾರೆ, ಅಲ್ಲಿಗೆ ಮುಗಿಯಿತು. ನಾನು ಹೇಳಬೇಕಾದದ್ದು ಅಷ್ಟರಲ್ಲಿ ಹಿಡಿಸುವುದಿಲ್ಲ.

ನಮ್ಮ ಪುರಸಭೆಯ ಕಾರ್ಯದರ್ಶಿಗಳು ನನಗೊಂದು ಕೆಲಸ ಅಂಟಿಸಿದ್ದಾರೆ. ಪ್ರವಾಸಿಗರಿಗೆ ಕೊಡುವ ಊರಿನ ಕೈಪಿಡಿ ಹಳೆಯದಾಯಿತಂತೆ, ಹೊಸದು ಬೇಕಂತೆ. ಹವಾಮಾನ, ಇತಿಹಾಸ, ಸುತ್ತಮುತ್ತ ನೋಡತಕ್ಕ ಸ್ಥಳಗಳು, ಒಟ್ಟು ಎಂಟು ಪುಟ. ಇಪ್ಪತ್ತು ವರ್ಷದಿಂದ ಈ ಕೌಂಟರಿನಲ್ಲಿ ಕೂತು ಬಂದವರಿಗೆಲ್ಲ ಒದರುತ್ತೀರಲ್ಲ, ಅದನ್ನೇ ಬರೆದು ಕೊಟ್ಟರಾಯಿತು ಅಂದರು. ಒಂದೇ ಷರತ್ತು, ಪುಟಕ್ಕೊಂದು ಸಲವಾದರೂ ನಯನಮನೋಹರ ಎಂಬ ಪದ ಬರಬೇಕು. ಕಸದ ತೊಟ್ಟಿ ಎಲ್ಲಿದೆ ಎಂದು ಬರೆದಲ್ಲೂ ಅದನ್ನು ಸೇರಿಸಿ ಕೊಟ್ಟೆ. ಅವರಿಗೆ ಗೊತ್ತಾಗಲಿಲ್ಲ, ಖುಷಿಯಾಗಿ ಸಹಿ ಹಾಕಿದರು.

ಮುಂದಿನ ವಾರ ಅದು ಅಚ್ಚಿಗೆ ಹೋಗುತ್ತದೆ. ಅದಕ್ಕೆ ಮೊದಲು ನೀನು ಓದಬೇಕು. ನೀನು ಓದದೆ ಅದು ಅಚ್ಚಾಗುವುದು ಸರಿಯಲ್ಲ ಎಂದು ಮೂರು ದಿನದಿಂದ ನಿದ್ದೆ ಬಿಟ್ಟಿದ್ದೇನೆ.

ಹವಾಮಾನದ ಭಾಗ ಹೀಗೆ ಶುರುವಾಗುತ್ತದೆ: "ವರ್ಷದ ಏಳು ತಿಂಗಳು ಮಧ್ಯಾಹ್ನದ ಹೊತ್ತಿಗೆ ಕಮರಿಯಿಂದ ಮಂಜು ಏಳುತ್ತದೆ. ಹತ್ತು ನಿಮಿಷದಲ್ಲಿ ಬೆಟ್ಟದ ನೆತ್ತಿಯ ದಾರಿ ಮುಚ್ಚಿಹೋಗುತ್ತದೆ. ಸಂಜೆ ಐದರ ಸುಮಾರಿಗೆ ಬಂದ ಹಾಗೆಯೇ ಇಳಿಯುತ್ತದೆ. ಉಣ್ಣೆಯ ಬಟ್ಟೆ ತರುವುದು ಒಳ್ಳೆಯದು." ಇದರ ಕೆಳಗೆ ಇನ್ನೊಂದು ಸಾಲು ಬರೆದಿದ್ದೆ: "ಮಂಜಿನಲ್ಲಿ ಮನುಷ್ಯರ ದನಿಯನ್ನು ನಂಬಬಾರದು. ಕಮರಿಯ ಅಂಚಿನಲ್ಲಿ ನಿಂತು ಕೂಗಿದವರು ಹತ್ತೇ ಹೆಜ್ಜೆ ದೂರದಲ್ಲಿದ್ದಂತೆ ಕೇಳಿಸುತ್ತದೆ." ಕಾರ್ಯದರ್ಶಿಗಳು ಅದನ್ನು ಹೊಡೆದು ಹಾಕಿದರು. ಜನ ಹೆದರಿ ಓಡಿಹೋಗ್ತಾರೆ ಅಂದರು. ನಾನು ಮತ್ತೆ ಬರೆದೆ. ಅವರು ಮತ್ತೆ ಹೊಡೆದರು. ಅಚ್ಚಿನ ಮನೆಗೆ ಪ್ರತಿ ಒಯ್ಯುವವಳು ನಾನೇ, ಹಾಗಾಗಿ ಆ ಸಾಲು ಇರುತ್ತದೆ.

ಇತಿಹಾಸದ ಭಾಗ ನಿನಗೆ ಬಾಯಿಪಾಠ. ನೆತ್ತಿಯ ಆಚೆ ಚಪ್ಪಡಿ ಕಲ್ಲಿನ ಕ್ವಾರಿ, ಅಲ್ಲಿ ಕಲ್ಲು ಒಡೆಯಲು ಬಂದವರಿಂದ ಈ ಊರು. ಒಂದು ಮಂಜಿನ ದಿನ ದಾರಿ ತಪ್ಪಿ ಆರು ಜನ ಕಮರಿಗೆ ಬಿದ್ದ ಮೇಲೆ ಬಿಲ್ಲೆಯ ಪದ್ಧತಿ ಬಂತು. ಗೇಟಿನಲ್ಲಿ ಮರದ ಹಲಗೆ, ಹಲಗೆಯಲ್ಲಿ ನಲವತ್ತು ಕೊಕ್ಕೆ, ಕೊಕ್ಕೆಗೊಂದು ಅಂಕಿ ಕೊರೆದ ಹಿತ್ತಾಳೆ ಬಿಲ್ಲೆ. ನೆತ್ತಿಗೆ ಹೋಗುವವರು ಒಂದು ಬಿಲ್ಲೆ ಜೇಬಿಗೆ ಹಾಕಿಕೊಂಡು ಹೋಗಬೇಕು, ವಾಪಸ್ಸು ಬಂದ ಮೇಲೆ ಅದೇ ಕೊಕ್ಕೆಗೆ ತೂಗುಹಾಕಬೇಕು. ಮಂಜು ಬಂದರೆ ಗೇಟಿನ ಪಕ್ಕದ ಕೋಣೆಯಲ್ಲಿ ಹಿಡಿಕೆಯ ಸೈರನ್ ತಿರುಗಿಸುತ್ತಲೇ ಇರಬೇಕು, ಹೊರಗಿದ್ದವರು ಆ ಸದ್ದು ಹಿಡಿದು ಬರುತ್ತಾರೆ. ಹಲಗೆ ತುಂಬಿದ ಮೇಲೆ ಪ್ರತಿ ಬಿಲ್ಲೆಯನ್ನೂ ಬೆರಳಲ್ಲಿ ಮುಟ್ಟಿ ಎಣಿಸಿ, ನಲವತ್ತು ಸರಿ ಎಂದು ಪುಸ್ತಕದಲ್ಲಿ ಬರೆದು, ಆಮೇಲೆ ಸೈರನ್ ನಿಲ್ಲಿಸಬೇಕು. ಕ್ವಾರಿ ಮುಚ್ಚಿತು, ಪ್ರವಾಸಿಗರು ಬಂದರು, ಪದ್ಧತಿ ಉಳಿಯಿತು. ಸೈರನ್ ನಿನ್ನ ಪಾಲಿಗೆ ಬಂತು. ನಿನ್ನ ಬಲಗೈ ಪೈಲ್ವಾನರ ಕೈಯಂತಾಗಿದೆ, ಇವಳನ್ನು ಕಟ್ಟಿಕೊಂಡವನ ಗತಿ ಏನು ಎಂದು ಅಮ್ಮ ರೇಗಿಸುತ್ತಿದ್ದದ್ದು ನೆನಪಿದೆಯಾ?

ಈಗ ಎಲ್ಲಾ ಕರೆಂಟು. ಸೈರನ್ ತಾನೇ ಕೂಗುತ್ತದೆ, ತಾನೇ ನಿಲ್ಲುತ್ತದೆ, ಬಿಲ್ಲೆಯ ಬದಲು ಪ್ಲಾಸ್ಟಿಕ್ ಕಾರ್ಡು. ನೀನು ಹಿಡಿಕೆ ತಿರುಗಿಸುತ್ತಿದ್ದ ಆ ಕೋಣೆಯೇ ಈಗ ಮಾಹಿತಿ ಕೇಂದ್ರ. ಹಳೆಯ ಹಲಗೆ ನನ್ನ ಬೆನ್ನ ಹಿಂದೆ ಗಾಜಿನ ಪೆಟ್ಟಿಗೆಯೊಳಗಿದೆ. ನಲವತ್ತೂ ಬಿಲ್ಲೆಗಳಿವೆ. ಹದಿನೇಳನೆಯದು ಮಾತ್ರ ಸ್ವಲ್ಪ ಸೊಟ್ಟಗಾಗಿದೆ, ಅದು ಅಪ್ಪನ ಜೇಬಿನಲ್ಲಿ ಸಿಕ್ಕಿದ್ದು.

ಆ ಪೆಟ್ಟಿಗೆಯ ಕೆಳಗೆ ಒಂದು ಚೀಟಿ ಇತ್ತು. ಹಳೆಯ ಕೈಪಿಡಿಯಲ್ಲೂ ಅದೇ ವಾಕ್ಯ. "ಸೈರನ್ ನೋಡಿಕೊಳ್ಳುತ್ತಿದ್ದವರ ಅಜಾಗರೂಕತೆಯಿಂದ ಒಮ್ಮೆ ಒಬ್ಬರು ಪ್ರಾಣ ಕಳೆದುಕೊಂಡರು." ನೀನು ಅದನ್ನು ನೋಡಿಲ್ಲ. ಅಮ್ಮ ಹೋದಾಗ ಬೆಳಗಿನ ಬಸ್ಸಿಗೆ ಬಂದು ಮಧ್ಯಾಹ್ನದ ಬಸ್ಸಿಗೆ ಹೊರಟುಬಿಟ್ಟೆ, ಗೇಟಿನ ಕಡೆ ತಲೆ ಎತ್ತಲಿಲ್ಲ. ಅಕ್ಕಾ, ಈ ಇಪ್ಪತ್ತು ವರ್ಷ ಬಂದವರಿಗೆಲ್ಲ ಆ ಚೀಟಿ ಓದಿ ಹೇಳಿದವಳು ನಾನು. ಕೈಯಲ್ಲಿ ಕೋಲು ಹಿಡಿದು ಹದಿನೇಳನ್ನು ತೋರಿಸಿ ಹೇಳುತ್ತಿದ್ದೆ. ಕೆಲವರು ಯಾರಪ್ಪಾ ಆ ಪುಣ್ಯಾತ್ಮರು ಎಂದು ಕೇಳುತ್ತಿದ್ದರು. ಗೊತ್ತಿಲ್ಲ, ಹಳೆಯ ಕಥೆ ಎನ್ನುತ್ತಿದ್ದೆ.

ಕಾರ್ಯದರ್ಶಿಗಳು ಅದೇ ವಾಕ್ಯ ಹೊಸ ಕೈಪಿಡಿಯಲ್ಲೂ ಇರಲಿ, ಸ್ವಲ್ಪ ರೋಚಕವಾಗಿರುತ್ತೆ ಅಂದರು. ನಾನು ತಲೆಯಾಡಿಸಿ ಬಂದೆ. ಮನೆಗೆ ಬಂದು ಬರೆಯಲು ಕೂತರೆ ಪೆನ್ನು ಮುಂದೆ ಹೋಗಲಿಲ್ಲ.

ಆ ದಿನದ ಕಥೆ ನಿನಗೆ ಗೊತ್ತಿರುವುದು ಅರ್ಧ. ಉಳಿದ ಅರ್ಧ ನನ್ನ ಹತ್ತಿರ ಮೂವತ್ತೊಂದು ವರ್ಷದಿಂದ ಇದೆ.

ಅಪ್ಪನ ಮರೆವು ಊರಿಗೇ ಗೊತ್ತಿತ್ತು. ನೆತ್ತಿಯ ದಾರಿಯ ಮೆಟ್ಟಿಲು, ಕಟಕಟೆ ರಿಪೇರಿ ಮಾಡುವ ಮೇಸ್ತ್ರಿ ಅವರು, ದಿನಾ ಬಿಲ್ಲೆ ಒಯ್ಯುತ್ತಿದ್ದರು, ಎಷ್ಟೋ ದಿನ ಅದನ್ನು ಜೇಬಿನಲ್ಲೇ ಇಟ್ಟುಕೊಂಡು ಸೀದಾ ಮನೆಗೆ ಬಂದು ಮಲಗುತ್ತಿದ್ದರು. ಇಲ್ಲಿ ನೀನು ಕೈ ಸೋಲುವವರೆಗೆ ಸೈರನ್ ತಿರುಗಿಸುತ್ತಿದ್ದೆ. ಮರೆವಿನ ಮೇಸ್ತ್ರಿ ಎಂದು ಹೆಸರೇ ಬಿದ್ದಿತ್ತು. ಒಂದು ಸಲ ಅವರು ಹದಿನೇಳನೆಯ ಬಿಲ್ಲೆಯನ್ನು ಪೂರ್ತಿ ಕಳೆದೇಬಿಟ್ಟರಲ್ಲ, ಪುರಸಭೆಯವರು ಬೈದು ಹೊಸದು ಮಾಡಿಸಿ ಹಾಕಿದರಲ್ಲ? ಆ ಹಳೆಯದು ಆಮೇಲೆ ಸಿಕ್ಕಿತು. ಕೋಟಿನ ಅಸ್ತರಿನೊಳಗೆ ಜಾರಿಕೊಂಡಿತ್ತು. ವಾಪಸ್ಸು ಕೊಟ್ಟರೆ ಇನ್ನೊಂದು ಸುತ್ತು ನಗೆಪಾಟಲು ಎಂದು ಅಪ್ಪ ಅದನ್ನು ನನ್ನ ಅಂಗೈಯಲ್ಲಿಟ್ಟು, ಇದು ನಮ್ಮಿಬ್ಬರ ಗುಟ್ಟು, ನಿನ್ನ ಅಕ್ಕನಿಗೂ ಹೇಳಬಾರದು ಅಂದರು. ನಾನು ಅದನ್ನು ಪೆನ್ಸಿಲ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ. ನಿನಗೂ ಹೇಳದ ಗುಟ್ಟು ನನ್ನ ಹತ್ತಿರ ಇದೆ ಎಂದು ಎಷ್ಟು ಜಂಬ ಗೊತ್ತಾ?

ಆ ದಿನ ನೀನು ನನ್ನನ್ನು ಸರ್ಕಸ್ಸಿಗೆ ಕರೆದೊಯ್ಯುತ್ತೇನೆ ಎಂದಿದ್ದೆ. ಎರಡು ಗಂಟೆಯ ಬಸ್ಸು, ಮೂರು ಗಂಟೆಯ ಆಟ. ಆವತ್ತು ಮಂಜು ಹನ್ನೆರಡಕ್ಕೇ ಬಂತು. ಒಂದು ಗಂಟೆಯ ಹೊತ್ತಿಗೆ ಎಲ್ಲರೂ ವಾಪಸ್ಸಾಗಿದ್ದರು, ಹದಿನೇಳರ ಕೊಕ್ಕೆ ಮಾತ್ರ ಖಾಲಿ. ನೀನು ಹಿಡಿಕೆ ತಿರುಗಿಸುತ್ತಲೇ ಇದ್ದೆ. ಅಪ್ಪನ ಬಿಲ್ಲೆ ಬರೋವರೆಗೂ ಎಲ್ಲಿಗೂ ಹೋಗೋ ಹಾಗಿಲ್ಲ ಗುಬ್ಬಿ ಅಂದೆ. ನಾನು ಅಳುಮುಖ ಮಾಡಿಕೊಂಡು ಮನೆಗೆ ಬಂದೆ.

ಬಾಗಿಲಲ್ಲಿ ಅಪ್ಪನ ಬೂಟು ಇತ್ತು, ಒದ್ದೆಯಾಗಿ. ಒಳಗೆ ಅವರ ಕೋಣೆಯ ಬಾಗಿಲು ಮುಚ್ಚಿತ್ತು. ಸರಿ, ಮೇಸ್ತ್ರಿ ಮತ್ತೆ ಮರೆತು ಬಂದು ಮಲಗಿದ್ದಾರೆ ಎಂದುಕೊಂಡೆ. ಎಬ್ಬಿಸಿದರೆ ಸಿಡುಕುತ್ತಾರೆ. ಬಿಲ್ಲೆ ಎಲ್ಲಿಟ್ಟಿದ್ದಾರೋ ಹುಡುಕುತ್ತಾ ಕೂತರೆ ಬಸ್ಸು ಹೋಗಿಬಿಡುತ್ತದೆ. ನನ್ನ ಪೆನ್ಸಿಲ್ ಡಬ್ಬಿಯಲ್ಲಿ ಇನ್ನೊಂದು ಹದಿನೇಳು ಇತ್ತಲ್ಲ. ಓಡಿ ಬಂದು ಅದನ್ನು ಕೊಕ್ಕೆಗೆ ಹಾಕಿದೆ. ಅಪ್ಪ ಬಂದು ಹಾಕಿ ಹೋದ್ರು ಅಂತ ಕೂಗಿದೆ.

ನೀನು ಹೊರಗೆ ಬಂದು ಒಂದೊಂದನ್ನೂ ಬೆರಳಲ್ಲಿ ಮುಟ್ಟಿ ಎಣಿಸಿದೆ, ನಾನು ಪಕ್ಕದಲ್ಲೇ ನಿಂತಿದ್ದೆ. ನಲವತ್ತು ಇದ್ದವು ಅಕ್ಕಾ. ನೀನು ಸರಿಯಾಗೇ ಎಣಿಸಿದ್ದೆ. ಸರಿಯಾಗೇ ಬರೆದಿದ್ದೆ. ಸರಿಯಾಗೇ ನಿಲ್ಲಿಸಿದ್ದೆ.

ಬಾಗಿಲಲ್ಲಿದ್ದದ್ದು ಅಮ್ಮ ತೊಳೆದು ಆರಲು ಇಟ್ಟ ಬೂಟು. ಅಪ್ಪ ಹಳೆಯ ಜೋಡು ಮೆಟ್ಟಿಕೊಂಡು ಬೆಳಿಗ್ಗೆಯೇ ಹೋಗಿದ್ದರು. ಕಮರಿ ನೋಟದ ಕಟ್ಟೆಯಲ್ಲಿ ತುಕ್ಕು ಹಿಡಿದ ಕಟಕಟೆ ಬಿಚ್ಚಿ ಹೊಸದು ಕೂರಿಸುವ ಕೆಲಸ. ಬಿಚ್ಚಿದ್ದಾಗಿತ್ತು, ಕೂರಿಸಿರಲಿಲ್ಲ. ಸೈರನ್ ಸದ್ದು ಕೇಳುವಷ್ಟು ಹೊತ್ತು ಅವರಿಗೆ ದಾರಿ ಗೊತ್ತಿತ್ತು.

ನೀನು ಬಸ್ಸಿನಲ್ಲಿ ಜಾಗ ಹಿಡಿಯಲು ಮುಂದೆ ಹೋದೆ, ನಾನು ಫ್ರಾಕು ಬದಲಾಯಿಸಿ ಬರುತ್ತೇನೆಂದು ಹೊರಟೆ. ಬಸ್ಸಿಗೆ ಏದುಸಿರು ಬಿಡುತ್ತಾ ಓಡಿ ಬಂದಾಗ, ಇಷ್ಟು ಹೊತ್ತು ಎಲ್ಲಿ ಸತ್ತಿದ್ದೆ, ಫ್ರಾಕೂ ಬದಲಾಯಿಸಿಲ್ಲ ಎಂದು ಬೈದೆ. ಸರ್ಕಸ್ಸಿನಲ್ಲಿ ನಾನು ಅಳುತ್ತಿದ್ದಾಗ ಸಿಂಹಕ್ಕೆ ಹೆದರಿದಳು ಎಂದುಕೊಂಡು ನನ್ನ ಕಣ್ಣು ಮುಚ್ಚಿದೆ. ಆ ನಿನ್ನ ಅಂಗೈ ಹಿಡಿಕೆಯ ಎಣ್ಣೆ ವಾಸನೆ ಹೊಡೆಯುತ್ತಿತ್ತು. ಈಗಲೂ ಎಲ್ಲಾದರೂ ಆ ವಾಸನೆ ಬಂದರೆ ನಾನು ಅಲ್ಲಿಂದ ಎದ್ದು ಹೋಗುತ್ತೇನೆ.

ಐದು ಗಂಟೆಗೆ ಮಂಜು ಇಳಿಯಿತು. ಗಂಡ ಬರಲಿಲ್ಲವೆಂದು ಅಮ್ಮ ಗೇಟಿಗೆ ಹೋಗಿ, ಖಾಲಿ ಕೊಕ್ಕೆ ನೋಡಿ ಜನರನ್ನು ಕೂಗಿದಳು. ನಾವು ಆರೂವರೆಗೆ ಬಸ್ಸಿಳಿದಾಗ ಅಪ್ಪನನ್ನು ಕಮರಿಯಿಂದ ಮೇಲೆ ತಂದಾಗಿತ್ತು. ನೀನು ಒಂದೇ ಮಾತು ಹೇಳುತ್ತಿದ್ದೆ, ನಲವತ್ತು ಇತ್ತು, ನಾನು ಮುಟ್ಟಿ ಎಣಿಸಿದೆ. ಕೊಕ್ಕೆ ಖಾಲಿ, ಬಿಲ್ಲೆ ಅಪ್ಪನ ಜೇಬಿನಲ್ಲಿ, ಯಾರು ನಂಬುತ್ತಾರೆ? ಸರ್ಕಸ್ ನೋಡುವ ಆತುರಕ್ಕೆ ಹಲಗೆ ನೋಡದೆ ಬರೆದಳು ಎಂದು ಪುರಸಭೆಯವರು ತೀರ್ಮಾನ ಬರೆದರು. ಅಮ್ಮ ಸಾಯುವವರೆಗೂ ನಿನಗೆ ಮುಖ ಕೊಟ್ಟು ಮಾತಾಡಲಿಲ್ಲ. ಗುಂಪಿನಲ್ಲಿ ಎಲ್ಲರೂ ಅಪ್ಪನ ಸುತ್ತ ಸೇರಿದ್ದಾಗ ನಾನು ಹಲಗೆಯ ಹತ್ತಿರ ಹೋಗಿ ನನ್ನ ಬಿಲ್ಲೆ ತೆಗೆದು ಬಾಯೊಳಗೆ ಇಟ್ಟುಕೊಂಡೆ. ಅದಕ್ಕೇ ಆವತ್ತು ರಾತ್ರಿ ನಾನು ಅಳಲೂ ಇಲ್ಲ, ಮಾತಾಡಲೂ ಇಲ್ಲ. ಮಗು ಆಘಾತದಲ್ಲಿದೆ ಎಂದು ಡಾಕ್ಟರು ಹೇಳಿದರು.

ಹೇಳಬಹುದಿತ್ತು. ನೀನು ಊರು ಬಿಡಲು ಟ್ರಂಕು ಕಟ್ಟುವಾಗ ಹೇಳಬಹುದಿತ್ತು, ನಿನ್ನ ಮದುವೆಗೆ ಅಮ್ಮ ಬರುವುದಿಲ್ಲ ಎಂದಾಗ ಹೇಳಬಹುದಿತ್ತು. ಹೇಳಿದರೆ ಅಮ್ಮ ನನ್ನನ್ನೂ ಬಿಡುತ್ತಾಳೆ ಎಂಬ ಭಯ. ಅಮ್ಮ ಹೋದ ಮೇಲೆ ಆ ಭಯವೂ ಇರಲಿಲ್ಲ, ಆದರೂ ಹೇಳಲಿಲ್ಲ. ಬರೀ ಹೇಡಿತನ, ಬೇರೆ ಏನೂ ಅಲ್ಲ.

ಹೋದ ಸಲ ಭಾವ ಫೋನಿನಲ್ಲಿ ನಗುತ್ತಾ ಹೇಳಿದರು, ನಿಮ್ಮಕ್ಕ ಆಸ್ಪತ್ರೆಯ ಲಾಂಡ್ರಿ ಕೆಲಸದಲ್ಲಿ ಇಸ್ತ್ರಿ ಮಾಡಿದ ಹಾಸಿಗೆ ಬಟ್ಟೆಗಳನ್ನು ಮೂರು ಸಲ ಎಣಿಸ್ತಾಳೆ, ಮನೆಗೆ ಬಂದರೆ ತಟ್ಟೆ ಎಣಿಸ್ತಾಳೆ, ಬಾಗಿಲು ಹಾಕೋ ಮುಂಚೆ ನಮ್ಮನ್ನೂ ಬೆರಳಲ್ಲಿ ಮುಟ್ಟಿ ಎಣಿಸ್ತಾಳೆ ಅಂತ. ನಾನೂ ನಕ್ಕೆ. ನಿನ್ನ ಬೆರಳನ್ನೇ ನೀನು ನಂಬದ ಹಾಗೆ ಮಾಡಿದವಳು ನಾನು.

ನೋಡತಕ್ಕ ಸ್ಥಳಗಳ ಭಾಗ ಚಿಕ್ಕದು. ಕ್ವಾರಿಯ ಹಸಿರು ನೀರಿನ ಹೊಂಡ, ಒಂದೂವರೆ ಮೈಲಿಯ ನೆತ್ತಿಯ ದಾರಿ, ಕಮರಿ ನೋಟದ ಕಟ್ಟೆ. ಮೂರೂ ನಯನಮನೋಹರವೇ. ಕಟ್ಟೆಗೆ ನಾನು ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಹೋಗಿಲ್ಲ. ಹೋಗದೆಯೇ ದಿನಾ ನಾಲ್ಕು ಜನಕ್ಕೆ ದಾರಿ ಹೇಳುತ್ತೇನೆ. ಹೋದ ತಿಂಗಳು ಅಲ್ಲಿಂದ ಬಂದ ದಂಪತಿಗಳು ಕಾರ್ಡು ವಾಪಸ್ಸು ಕೊಡುತ್ತಾ, ಸೈರನ್ ನಿಂತ ಮೇಲೂ ಮಂಜಿನಲ್ಲಿ ಯಾರೋ ಹಿರಿಯರು ಕೂಗ್ತಿದ್ರು, ಎಲ್ಲರೂ ಬಂದಿದ್ದಾರಾ ಸರಿಯಾಗಿ ನೋಡಿ ಅಂದರು. ಕಂಪ್ಯೂಟರು ನೋಡಿದೆ. ಎಲ್ಲರೂ ಬಂದಿದ್ದರು. ಕಾವಲುಗಾರ ಇರಬೇಕು ಎಂದು ಹೇಳಿ ಕಳಿಸಿದೆ. ಆವತ್ತು ಕಾವಲುಗಾರನಿಗೆ ರಜೆ.

ಆ ಸಂಜೆ ಮನೆಗೆ ಹೋಗಿ ಟ್ರಂಕಿನಿಂದ ಬಿಲ್ಲೆ ತೆಗೆದೆ. ಅದಕ್ಕೆ ಸುತ್ತಿದ್ದ ಬಟ್ಟೆ ಒದ್ದೆಯಾಗಿತ್ತು. ಮಂಜಿನ ಊರಿನಲ್ಲಿ ಹಿತ್ತಾಳೆ ಬೆವರುತ್ತದೆ, ಅದರಲ್ಲಿ ವಿಶೇಷವೇನಿಲ್ಲ. ಟ್ರಂಕಿನಲ್ಲಿದ್ದ ಬೇರೆ ಬಟ್ಟೆಗಳೆಲ್ಲ ಒಣಗಿಯೇ ಇದ್ದವು. ಪ್ರತಿ ಮಂಜಿನ ದಿನ ತೆಗೆದು ನೋಡುತ್ತೇನೆ, ಪ್ರತಿ ಸಲ ಒರೆಸಿ ಇಡುತ್ತೇನೆ. ನೀನಿರುವ ಊರಿನಲ್ಲಿ ಮಂಜಿಲ್ಲ. ಅಲ್ಲಾದರೂ ಅದು ಒಣಗಲಿ.

ಈಗ ಬಟ್ಟೆ ಬಿಚ್ಚಿ ನೋಡು. ಅಂಚಿನಲ್ಲಿ ನನ್ನ ಹಲ್ಲಿನ ಗುರುತೂ ಇರಬಹುದು. ಅದು ನಿನ್ನ ನಲವತ್ತನೆಯ ಬಿಲ್ಲೆ. ಬೆರಳಿಟ್ಟು ಮುಟ್ಟು. ಭಾವನಿಗೆ ತೋರಿಸು, ಮಕ್ಕಳಿಗೆ ತೋರಿಸು.

ಇತಿಹಾಸದ ಆ ವಾಕ್ಯವನ್ನು ಬದಲಾಯಿಸಿದ್ದೇನೆ. "ಸೈರನ್ ನಿಲ್ಲಿಸಿದವಳ ತಪ್ಪಿರಲಿಲ್ಲ. ಅವಳು ಎಣಿಸಿದಾಗ ಹಲಗೆಯಲ್ಲಿ ನಲವತ್ತು ಬಿಲ್ಲೆಗಳಿದ್ದವು. ಒಂದನ್ನು ಅವಳ ತಂಗಿ ತಂದು ಹಾಕಿದ್ದಳು." ಈ ಕಾಗದವನ್ನು ಅಂಚೆಗೆ ಹಾಕಿ ಅಲ್ಲಿಂದ ಸೀದಾ ಕಾರ್ಯದರ್ಶಿಗಳ ಕೋಣೆಗೆ ಹೋಗುತ್ತೇನೆ. ಕೆಲಸ ಹೋದರೆ ಹೋಗಲಿ. ಚೀಟಿಯನ್ನು ಆಗಲೇ ಕಿತ್ತು ಹರಿದಿದ್ದೇನೆ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಬೈಯಲು ಫೋನು ಮಾಡಿದರೂ ಸರಿ, ಮಾಡು. ನನ್ನನ್ನು ಗುಬ್ಬಿ ಎಂದು ಕರೆಯುವವಳು ಈಗ ನೀನೊಬ್ಬಳೇ ಉಳಿದಿರುವುದು.

ನಿನ್ನ ತಂಗಿ,
ಗುಬ್ಬಿ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ನೀನು ಮೂರು ಸಲ ಎಣಿಸುವವಳು, ಇದನ್ನೂ ಎಣಿಸುತ್ತೀಯ. ಅಮ್ಮ ಐದು ಗಂಟೆಗೆ ನೋಡಿದಾಗಲೇ ಕೊಕ್ಕೆ ಖಾಲಿಯಿತ್ತು. ನಾವಾಗ ಸರ್ಕಸ್ಸಿನಲ್ಲಿದ್ದೆವು. ಹಾಗಿದ್ದರೆ ಆರೂವರೆಗೆ ಗುಂಪಿನಲ್ಲಿ ನಾನು ತೆಗೆದದ್ದು ಏನು? ಮೇಲೆ ಬರೆದದ್ದು ಸುಳ್ಳು ಅಕ್ಕಾ. ಫ್ರಾಕು ಬದಲಾಯಿಸಲು ಮನೆಗೆ ಹೋದಾಗ ಅಪ್ಪನ ಕೋಣೆಯ ಬಾಗಿಲು ತಳ್ಳಿದೆ. ಹಾಸಿಗೆ ಖಾಲಿಯಿತ್ತು. ಬೂಟು ತೊಳೆದಿಟ್ಟದ್ದು ತಾನೆಂದು ಅಮ್ಮ ಹಿತ್ತಲಿನಿಂದ ಹೇಳಿದಳು. ಬಿಲ್ಲೆ ತೆಗೆದು, ಸೈರನ್ ತಿರುಗಿಸಬೇಕೆಂದೇ ಗೇಟಿಗೆ ಓಡಿದೆ. ಬಿಲ್ಲೆ ಕೈಗೆ ತೆಗೆದುಕೊಂಡೆ. ಅಷ್ಟರಲ್ಲಿ ಮಂಜಿನೊಳಗಿಂದ ಅಪ್ಪ ಕೂಗಿದರು. ಹತ್ತೇ ಹೆಜ್ಜೆ ದೂರದಲ್ಲಿದ್ದಾರೆ ಅನ್ನಿಸಿತು. ಇನ್ನೇನು ಬಂದೇಬಿಟ್ಟರು, ಗುಟ್ಟಿನ ಬಿಲ್ಲೆಯನ್ನು ನನ್ನ ಕೈಯಲ್ಲಿ ನೋಡಿದರೆ ಚರ್ಮ ಸುಲಿಯುತ್ತಾರೆ ಎಂದುಕೊಂಡು, ಉಸಿರು ಬಿಗಿಹಿಡಿದು ಬಸ್ಸಿನ ಕಡೆ ಓಡಿದೆ. ಆ ದಂಪತಿಗಳಿಗೆ ಮಂಜಿನಲ್ಲಿ ಕೇಳಿಸಿದ ಕೂಗನ್ನೂ ಪೂರ್ತಿ ಬರೆಯಲಿಲ್ಲ. ಅಪ್ಪ ಆವತ್ತು ಕೂಗಿದ್ದೂ ಅದೇ ಮಾತು, ಗುಬ್ಬೀ, ಅಲ್ಲಿದ್ದೀಯಾ ಅಂತ. ನಾನು ಅಲ್ಲೇ ಇದ್ದೆ.